ಅತಿಥಿ ಸತ್ಕಾರ ಉದ್ಯಮದಲ್ಲಿ ನೀತಿ ಮತ್ತು ನಿರ್ಧಾರ

ಹಸಿದು ಬಂದವರಿಗೆ ಅನ್ನವನ್ನೂ, ದಣಿದು ಬಂದವರಿಗೆ ತಂಗಲು ಸ್ಥಳವನ್ನೂ ಒದಗಿಸುವುದು ನಮ್ಮ ದೇಶದಲ್ಲಿ ಬಹುಕಾಲ ಧರ್ಮಕಾರ್ಯವೆಂದೇ ಪರಿಗಣಿತವಾಗಿತ್ತು. ಛತ್ರ, ಅರವಟ್ಟಿಗೆ, ಧರ್ಮಶಾಲೆಗಳು ಈ ಭಾವನೆಯಿಂದ ಹುಟ್ಟಿದವು. ಕಾಲಕ್ರಮದಲ್ಲಿ ಇದೇ ಕಾರ್ಯವು ಹಣ ಪಡೆದು ನಡೆಸುವ ಉದ್ಯಮವಾಗಿ ಬೆಳೆಯಿತು. ಕರಾವಳಿ ಕರ್ನಾಟಕದಿಂದ ಹೊರಟವರು ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿ, ಪುಣೆ, ಮದರಾಸು ಮೊದಲಾದ ನಗರಗಳಲ್ಲಿ ತೆರೆದ ಉಡುಪಿ ಹೋಟೆಲುಗಳು ಈ ಬೆಳವಣಿಗೆಗೆ ಉತ್ತಮ ನಿದರ್ಶನಗಳಾಗಿವೆ.

ಹಣದ ವಿನಿಮಯ ಬಂದ ಮಾತ್ರಕ್ಕೆ ವಿಶ್ವಾಸದ ಅಗತ್ಯವು ಇಲ್ಲವಾಗುವುದಿಲ್ಲ. ಬಟ್ಟೆ ಕೊಳ್ಳುವವರು ಅದನ್ನು ಮುಟ್ಟಿ ನೋಡಬಲ್ಲರು. ಹೋಟೆಲಿನಲ್ಲಿ ಉಣ್ಣುವವರು ಅಡುಗೆಮನೆಯ ಬಾಣಲೆಯನ್ನು ನೋಡಲಾರರು. ಗ್ರಾಹಕರ ಕಣ್ಣಿಗೆ ಬೀಳದ ಕಡೆಯಲ್ಲಿ ನಡೆಯುವ ಕೆಲಸವೇ ಈ ಉದ್ಯಮದಲ್ಲಿ ಹೆಚ್ಚು. ಆದುದರಿಂದಲೇ ಇಲ್ಲಿ ನೀತಿಯ ಪ್ರಶ್ನೆಯು ದಿನನಿತ್ಯದ ಪ್ರಶ್ನೆಯಾಗಿದೆ.

ಕಾನೂನು ಮತ್ತು ನೀತಿ

ಕಾನೂನು ಕನಿಷ್ಠ ಕರ್ತವ್ಯವನ್ನು ಗೊತ್ತುಪಡಿಸುತ್ತದೆ. ನೀತಿಯು ಅದಕ್ಕಿಂತ ಮುಂದೆ ಹೋಗುತ್ತದೆ. ಸ್ವಾತಂತ್ರ್ಯಪೂರ್ವದಲ್ಲಿ ಮದರಾಸು ಪ್ರಾಂತದ ಅನೇಕ ಸಸ್ಯಾಹಾರಿ ಹೋಟೆಲುಗಳಲ್ಲಿ ಜಾತಿಯನ್ನು ಅನುಸರಿಸಿ ಪ್ರತ್ಯೇಕ ಪಂಕ್ತಿಗಳಿದ್ದವು. ಸಂವಿಧಾನದ 15ನೆಯ ಅನುಚ್ಛೇದದ ಎರಡನೆಯ ಖಂಡವು ಧರ್ಮ, ಜನಾಂಗ, ಜಾತಿ, ಲಿಂಗ ಅಥವಾ ಜನ್ಮಸ್ಥಳದ ಕಾರಣದಿಂದ ಯಾವ ನಾಗರಿಕನಿಗೂ ಹೋಟೆಲು, ಉಪಾಹಾರಗೃಹಗಳ ಪ್ರವೇಶದಲ್ಲಿ ಅಡ್ಡಿಯಾಗಕೂಡದೆಂದು ಸಾರಿತು. ಅಸ್ಪೃಶ್ಯತೆಯ ಕಾರಣದಿಂದ ಪ್ರವೇಶ ನಿರಾಕರಿಸುವುದನ್ನು 1955ರ ಅಧಿನಿಯಮವು ಅಪರಾಧವನ್ನಾಗಿಸಿತು. ಬಾಗಿಲು ತೆರೆದಿಡುವುದು ಕಾನೂನಿನ ಪಾಲನೆ. ಒಳಗೆ ಬಂದ ಕೂಲಿಕಾರನಿಗೂ ಕಾರಿನಲ್ಲಿ ಬಂದವನಿಗೂ ಒಂದೇ ಬಗೆಯ ಲೋಟದಲ್ಲಿ, ಒಂದೇ ಬಗೆಯ ಮಾತಿನೊಡನೆ ಕಾಫಿ ಕೊಡುವುದು ನೀತಿಯ ಪಾಲನೆ.

ನಿರ್ಧಾರಕ್ಕೆ ಮುನ್ನ ನಾಲ್ಕು ಪ್ರಶ್ನೆಗಳು

ಸಂದೇಹ ಬಂದಾಗ ಹೋಟೆಲು ನಡೆಸುವವರು ತಮಗೆ ತಾವೇ ಹಾಕಿಕೊಳ್ಳಬೇಕಾದ ಪ್ರಶ್ನೆಗಳು ಹೀಗಿವೆ:

1. ಇದಕ್ಕೆ ಕಾನೂನಿನ ಸಮ್ಮತಿ ಇದೆಯೇ?
2. ಇದರಿಂದ ಯಾರಿಗೆ ಲಾಭ, ಯಾರಿಗೆ ಹಾನಿ? ಹಾನಿಗೊಳಗಾಗುವವರು ಬೇಡವೆನ್ನುವ ಸ್ಥಿತಿಯಲ್ಲಿದ್ದಾರೆಯೇ?
3. ಇದನ್ನು ಗ್ರಾಹಕರ ಎದುರಿಗೆ ಬಹಿರಂಗವಾಗಿ ಹೇಳಬಹುದೇ?
4. ಇದೇ ಉದ್ದೇಶವನ್ನು ಸಾಧಿಸಲು ಬೇರೆ ದಾರಿ ಇದೆಯೇ?

ಈ ನಾಲ್ಕರಲ್ಲಿ ಕೊನೆಯದು ಅತ್ಯಂತ ಉಪಯುಕ್ತವಾದುದು. ಬಹುಪಾಲು ಸಂದಿಗ್ಧಗಳಲ್ಲಿ ಎರಡೇ ದಾರಿಗಳಿರುವಂತೆ ತೋರುತ್ತದೆ. ಹುಡುಕಿದರೆ ಮೂರನೆಯದೂ ದೊರೆಯುತ್ತದೆ. ಮುಂದಿನ ಉದಾಹರಣೆಯಿಂದ ಇದು ಸ್ಪಷ್ಟವಾಗುವುದು.

ಊರಿನಿಂದ ಬಂದ ಹುಡುಗ

ಮುಂಬಯಿಯ ಉಪನಗರವೊಂದರಲ್ಲಿ ಹೋಟೆಲು ನಡೆಸುವ ಒಬ್ಬರಿಗೆ ಊರಿನಿಂದ ದೂರದ ಸಂಬಂಧಿಯಾದ ಹೆಣ್ಣುಮಗಳೊಬ್ಬಳ ಕರೆ ಬರುತ್ತದೆಂದು ಭಾವಿಸೋಣ. ಆಕೆಯ ಗಂಡ ತೀರಿಕೊಂಡಿದ್ದಾನೆ. ಮಗನಿಗೆ ಹದಿಮೂರು ವರ್ಷ. "ಅಣ್ಣಾ, ಇವನನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಎರಡು ಹೊತ್ತು ಊಟ ಸಿಕ್ಕಿದರೂ ಸಾಕು" ಎಂದು ಆಕೆ ಬೇಡುತ್ತಾಳೆ. ಮಾಲೀಕರೂ ಹನ್ನೆರಡನೆಯ ವಯಸ್ಸಿನಲ್ಲಿ ಹೀಗೆಯೇ ಬಂದವರು; ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. 'ನಾನೇನು ಕೆಟ್ಟೆನೇ?' ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಏಳುವುದು ಸಹಜ.

ಕಾನೂನಿನ ಉತ್ತರವು ಸ್ಪಷ್ಟವಾಗಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಉಪಾಹಾರಗೃಹಗಳಲ್ಲಿ ದುಡಿಸಿಕೊಳ್ಳುವುದನ್ನು 10 ಅಕ್ಟೋಬರ್ 2006ರಿಂದ ನಿಷೇಧಿಸಲಾಯಿತು. 2016ರ ತಿದ್ದುಪಡಿಯು ಈ ನಿಷೇಧವನ್ನು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿತು. ತಪ್ಪಿತಸ್ಥನಿಗೆ 6 ತಿಂಗಳಿನಿಂದ 2 ವರ್ಷಗಳವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಅಪಾಯಕರವಲ್ಲದ ಕೆಲಸದಲ್ಲಿ ಮಗುವು ನೆರವಾಗಲು ವಿನಾಯಿತಿ ಇದೆ. ಆದರೆ ಇಲ್ಲಿ ಕುಟುಂಬವೆಂದರೆ ತಂದೆ, ತಾಯಿ, ಅವರ ಒಡಹುಟ್ಟಿದವರು ಹಾಗೂ ಮಗುವಿನ ಒಡಹುಟ್ಟಿದವರು ಮಾತ್ರ. ದೂರದ ಸಂಬಂಧವು ಇದರೊಳಗೆ ಬರುವುದಿಲ್ಲ.

ಇನ್ನು ನೀತಿಯ ಉತ್ತರವನ್ನು ಪರಿಶೀಲಿಸಬಹುದು. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ತಮ್ಮ ಬಾಲ್ಯದ ಕಥೆಯನ್ನು ಹೇಳಬಲ್ಲವರು ಮೇಲೆ ಬಂದವರು ಮಾತ್ರ. ಅದೇ ಅಡುಗೆಮನೆಯಲ್ಲಿ ಶಾಲೆ ಮರೆತು, ಕೈಸುಟ್ಟುಕೊಂಡು, ಕಾಯಿಲೆಬಿದ್ದು ಊರಿಗೆ ಮರಳಿದವರ ಕಥೆಯನ್ನು ಕೇಳಿದವರು ಕಡಿಮೆ. ಒಬ್ಬರ ಯಶಸ್ಸಿನಿಂದ ಆ ಪದ್ಧತಿಯು ಒಳ್ಳೆಯದೆಂದು ಸಿದ್ಧವಾಗದು. ಮಾಲೀಕರು ಮತ್ತೊಂದು ಪರೀಕ್ಷೆಯನ್ನೂ ಮಾಡಿಕೊಳ್ಳಬೇಕು: ವಯಸ್ಕ ಕೆಲಸಗಾರನಿಗೆ ಕೊಡುವ ಪೂರ್ಣ ವೇತನವನ್ನೇ ಈ ಹುಡುಗನಿಗೂ ಕೊಡಬೇಕಾಗಿದ್ದರೆ ಅವನನ್ನು ಕರೆಸಿಕೊಳ್ಳಲು ತಾವು ಇಷ್ಟೇ ಉತ್ಸುಕರಾಗಿರುತ್ತಿದ್ದೆವೇ? ಇಲ್ಲವೆಂದಾದರೆ, ಉಪಕಾರವೆಂದು ತೋರುವುದರಲ್ಲಿ ಅಗ್ಗದ ದುಡಿಮೆಯ ಆಸೆಯೂ ಬೆರೆತಿದೆ ಎಂದೇ ತಿಳಿಯಬೇಕು.

ಹಾಗೆಂದು ಫೋನು ಇಟ್ಟುಬಿಟ್ಟರೆ ಕರ್ತವ್ಯ ಮುಗಿಯಿತೇ? ಕಾನೂನಿನ ದೃಷ್ಟಿಯಲ್ಲಿ ಮುಗಿಯಿತು. ನೀತಿಯ ದೃಷ್ಟಿಯಲ್ಲಿ ಇಲ್ಲ. ಆ ಮನೆಯ ಹಸಿವು ಹಾಗೆಯೇ ಉಳಿದಿದೆ. ಇಲ್ಲಿಯೇ ಮೂರನೆಯ ದಾರಿಯ ಅಗತ್ಯ. 1 ಏಪ್ರಿಲ್ 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಅಧಿನಿಯಮದಂತೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ದೊರೆಯಬೇಕು. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ವಿಧವೆಯರ ಮಕ್ಕಳ ಪಾಲನೆಗೆ ಮಾಸಿಕ ನೆರವು ಪಡೆಯಲು ಅವಕಾಶವಿದ್ದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಸಲ್ಲಿಸಬಹುದು. ತಾಯಿಯು ರಾಜ್ಯ ಸರ್ಕಾರದ ವಿಧವಾ ವೇತನಕ್ಕೂ ಅರ್ಜಿ ಹಾಕಬಹುದು. ಓದುಬರಹ ಬಲ್ಲ, ಕಚೇರಿಗಳ ರೀತಿ ತಿಳಿದ ನಗರವಾಸಿ ಸಂಬಂಧಿಯೊಬ್ಬರು ಈ ಅರ್ಜಿಗಳನ್ನು ತುಂಬಿಸಿಕೊಟ್ಟರೆ, ಪುಸ್ತಕ ಬಟ್ಟೆಗಳ ಖರ್ಚು ಕಳುಹಿಸಿದರೆ, ಹುಡುಗನು ಊರಿನಲ್ಲಿಯೇ ಉಳಿದು ಓದಬಲ್ಲನು. ಹದಿನೆಂಟು ತುಂಬಿದ ಮೇಲೆ ಅವನಿಗೆ ಹೋಟೆಲಿನ ಬಾಗಿಲು ತೆರೆದೇ ಇರುತ್ತದೆ.

ಹದಿನಾಲ್ಕರಿಂದ ಹದಿನೆಂಟರೊಳಗಿನ ಕಿಶೋರರನ್ನು ಅಪಾಯಕರವಲ್ಲದ ಕೆಲಸಕ್ಕೆ ತೆಗೆದುಕೊಳ್ಳಬಹುದಾದರೂ, ವಿರಾಮವೂ ಸೇರಿ ದಿನಕ್ಕೆ 6 ಗಂಟೆಗಳನ್ನು ಮೀರುವಂತಿಲ್ಲ. ರಾತ್ರಿ 7ರಿಂದ ಬೆಳಗಿನ 8ರವರೆಗೆ ದುಡಿಸುವಂತಿಲ್ಲ. ವಾರದ ರಜೆ ಕಡ್ಡಾಯ.

ಎಣ್ಣೆ ಮತ್ತು ಬಿಲ್ಲು

ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ದೇಹಕ್ಕೆ ಹಾನಿಕರವಾದ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಇವುಗಳ ಪ್ರಮಾಣ ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂಬ ನಿಯಮವು 1 ಜುಲೈ 2018ರಿಂದ ಜಾರಿಗೆ ಬಂದಿತು. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆಯೆದ್ದು, ಬೇಗನೆ ಹೊಗೆಯಾಡಿದರೆ ಅದು ಕೆಟ್ಟಿತೆಂದು ತಿಳಿಯಬಹುದು. ಅಂಥ ಎಣ್ಣೆಯನ್ನು ತಾವು ಬಳಸದೆ ಬೀದಿಬದಿಯ ವ್ಯಾಪಾರಿಗೆ ಅಗ್ಗವಾಗಿ ಮಾರುವವರು ಹಾನಿಯನ್ನು ತಡೆದಂತಾಗಲಿಲ್ಲ. ಬಡವರ ತಟ್ಟೆಗೆ ದಾಟಿಸಿದಂತಾಯಿತು. ಜೈವಿಕ ಡೀಸೆಲ್ ತಯಾರಿಕೆಗಾಗಿ ಇದನ್ನು ಸಂಗ್ರಹಿಸುವ ಅಧಿಕೃತ ಸಂಸ್ಥೆಗಳಿಗೆ ಒಪ್ಪಿಸುವುದೇ ಸರಿಯಾದ ಮಾರ್ಗ.

ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 4 ಜುಲೈ 2022ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಉಚ್ಚ ನ್ಯಾಯಾಲಯವು 28 ಮಾರ್ಚ್ 2025ರಂದು ಇದನ್ನು ಎತ್ತಿಹಿಡಿಯಿತು. ಈ ಹಣ ಕೆಲಸಗಾರರಿಗೇ ಸಲ್ಲುತ್ತದೆ ಎಂಬ ಸಮರ್ಥನೆ ಕೇಳಿಬರುವುದುಂಟು. ಕೆಲಸಗಾರರಿಗೆ ನ್ಯಾಯವಾದ ವೇತನ ಕೊಡುವುದು ಮಾಲೀಕರ ಹೊಣೆ. ಅದರ ವೆಚ್ಚವನ್ನು ದರಪಟ್ಟಿಯಲ್ಲಿಯೇ ತೋರಿಸುವುದು ಪ್ರಾಮಾಣಿಕ ಕ್ರಮ. ಭಕ್ಷೀಸು ಕೊಡುವುದು ಬಿಡುವುದು ಗ್ರಾಹಕರ ಇಷ್ಟ.

ಒಂದು ಮೇಲ್ಪಂಕ್ತಿ

1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಗ್ರಾಹಕರು ಅಡುಗೆಮನೆಯನ್ನು ಕಂಡು ಬರುವಂತೆ ಮಾಡಿದ್ದ ಏರ್ಪಾಡಿನಿಂದ ಹೆಸರಾಯಿತು. ಮೇಲಿನ ಮೂರನೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇನ್ನೊಂದಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ತಿಂಡಿಗಳ ಬೆಲೆಯನ್ನು ಬಹಳ ಇಳಿಸಬೇಕಾಗಿ ಬಂದಾಗ, ಗುಣಮಟ್ಟವನ್ನು ಕಾಯ್ದುಕೊಂಡು ಹೋಟೆಲು ನಡೆಸುವುದು ಆ ಸಂಸ್ಥೆಗೆ ಕಷ್ಟವಾಯಿತು. ಆಗ ಅದು ಸಿದ್ಧ ಆಹಾರಪುಡಿಗಳ ತಯಾರಿಕೆಯತ್ತ ಹೊರಳಿತು. ಪದಾರ್ಥವನ್ನು ಕೀಳಾಗಿಸುವುದು ಅಥವಾ ನಷ್ಟದಲ್ಲಿ ಮುಳುಗುವುದು ಎಂಬ ಎರಡು ದಾರಿಗಳ ನಡುವೆ ಮೂರನೆಯದು ದೊರೆತುದಕ್ಕೆ ಇದು ನಿದರ್ಶನ.

ಗ್ರಾಹಕರ ಕರ್ತವ್ಯ

ನೀತಿಯು ಮಾಲೀಕರಿಗೆ ಮಾತ್ರ ಮೀಸಲಲ್ಲ. ಮೇಜು ಒರೆಸುವ ಮಗುವನ್ನು ಕಂಡೂ ಕಾಣದಂತೆ ಕಾಫಿ ಕುಡಿದು ಹೊರಡುವ ಗ್ರಾಹಕರೂ ಆ ತಪ್ಪಿನಲ್ಲಿ ಪಾಲುದಾರರೇ. ಅಂಥ ಮಗುವನ್ನು ಕಂಡಲ್ಲಿ 1098ಕ್ಕೆ ಕರೆಮಾಡಬೇಕು. ಬಿಲ್ಲಿನ ಬಗ್ಗೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು. ದೂರುವ ಹಕ್ಕಿನೊಡನೆ, ಬಡಿಸುವವರನ್ನು ಗೌರವದಿಂದ ಮಾತನಾಡಿಸುವ ಹೊಣೆಯೂ ಸೇರಿದೆ.

ಅಭ್ಯಾಸಕ್ಕಾಗಿ

1. ಹುಡುಗನು ಮಾಲೀಕರ ಸ್ವಂತ ತಂಗಿಯ ಮಗನಾಗಿದ್ದರೆ ಕಾನೂನು ಎಷ್ಟರಮಟ್ಟಿಗೆ ಅವಕಾಶ ಕೊಡುತ್ತದೆ? ನೀತಿಯು ಏನನ್ನು ಬಯಸುತ್ತದೆ?
2. ಗ್ರಾಹಕರು ಮರೆತುಹೋದ ಕೈಚೀಲವು ಕೆಲಸಗಾರನೊಬ್ಬನಿಗೆ ದೊರೆತಿದೆ. ನಾಲ್ಕು ಪ್ರಶ್ನೆಗಳನ್ನು ಅನ್ವಯಿಸಿ ಅವನ ಮತ್ತು ಮಾಲೀಕರ ಕರ್ತವ್ಯಗಳನ್ನು ಚರ್ಚಿಸಿರಿ.