ಕಲ್ಲಿನ ಗುರುತು ಬರೆದಿಟ್ಟುಕೊಳ್ಳಿ

ಪ್ರಶ್ನೆ: ಅಜ್ಜಿಯ ಮೂಗುಬೊಟ್ಟಿನ ಒಂಟಿ ವಜ್ರವನ್ನು ಉಂಗುರಕ್ಕೆ ಕೂರಿಸಲು ಕೊಡಬೇಕು. ವಾಪಸ್ ಬಂದದ್ದು ಅದೇ ಕಲ್ಲು ಎಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಆತಂಕ ಸಹಜ. ಮೊದಲು ಕಲ್ಲನ್ನು ನಿಮ್ಮೆದುರೇ ಬಿಡಿಸಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡಿ. ಒಳಗೆ ಕರಿಚುಕ್ಕಿಯೋ ಗರಿಯಂಥ ಬಿರುಕೋ ಕಂಡರೆ, ಎಲ್ಲಿದೆ ಎಂದು ಚಿತ್ರ ಬರೆದಿಟ್ಟುಕೊಳ್ಳಿ. ಅದೇ ಕಲ್ಲಿನ ಹುಟ್ಟುಮಚ್ಚೆ. ಕೂರಿಸಿದ ಮೇಲೆ ಕಲ್ಲನ್ನಷ್ಟೇ ತೂಗಲಾಗದು. ಆದ್ದರಿಂದ ತೂಕ, ಅಗಲ, ಎತ್ತರವನ್ನು ಈಗಲೇ ಚೀಟಿಯಲ್ಲಿ ಬರೆಸಿ ಅಂಗಡಿಯವರ ಸಹಿ ಪಡೆಯಿರಿ. 1 ಕ್ಯಾರೆಟ್‌ನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ. ಪ್ರಮಾಣಪತ್ರವಿರುವ ಎಷ್ಟೋ ಹೊಸ ವಜ್ರಗಳ ಅಂಚಿನಲ್ಲಿ ಲೇಸರ್‌ನಿಂದ ಕೆತ್ತಿದ ಸಂಖ್ಯೆಯೂ ಇರುತ್ತದೆ. ಉಂಗುರ ಕೈಗೆ ಬಂದಾಗ ಅಂಗಡಿಯಲ್ಲೇ ನಿಂತು ಚಿತ್ರದೊಂದಿಗೆ ಹೋಲಿಸಿ. ಕೇಳಲು ಸಂಕೋಚ ಬೇಡ; ಕಲ್ಲು ನಿಮ್ಮದು.