ಮೂವತ್ತೈದು ಸಲ ಒರೆಸುವ ಅಗತ್ಯವಿಲ್ಲ

ಪ್ರಶ್ನೆ: ನನ್ನದು ಸಣ್ಣ ಡಿಟಿಪಿ ಅಂಗಡಿ. ಹಳೆಯ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿ ಮಾರಬೇಕೆಂದಿದ್ದೇನೆ. ಅದರಲ್ಲಿ ಗಿರಾಕಿಗಳ ಆಧಾರ್ ಪ್ರತಿ, ಜಮೀನಿನ ಪತ್ರಗಳೆಲ್ಲ ಇವೆ. 35 ಸಲ ಒರೆಸದಿದ್ದರೆ ಯಾರಾದರೂ ತೆಗೆಯಬಹುದು ಎಂದು ಒಬ್ಬರು ಹೆದರಿಸುತ್ತಾರೆ. ಹಾಗೆ ಒರೆಸಿದರೆ ಎಸ್‌ಎಸ್‌ಡಿಯೇ ಸತ್ತುಹೋಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ಗಿರಾಕಿಗಳ ದಾಖಲೆಯ ಬಗ್ಗೆ ಚಿಂತಿಸಿದ್ದೀರಲ್ಲ, ಅದು ಮೆಚ್ಚುವಂಥದ್ದು.

35ರ ಲೆಕ್ಕ ಬಂದದ್ದು ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ. ಅದು ಆ ಕಾಲದ ಹಾರ್ಡ್ ಡಿಸ್ಕ್‌ಗಳ ಮಾತು. ಎಸ್‌ಎಸ್‌ಡಿಯ ಗುಣವೇ ಬೇರೆ. ಇರುವ ಕಡತದ ಮೇಲೆ ನೀವು ಹೊಸದನ್ನು ಬರೆದರೆ, ಒಳಗಿನ ಕಂಟ್ರೋಲರ್ ಅದನ್ನು ಬೇರೆ ಖಾಲಿ ಜಾಗದಲ್ಲಿ ಬರೆದು, ಹಳೆಯದನ್ನು ‘ಬೇಡವಾದದ್ದು’ ಎಂದು ಗುರುತು ಹಾಕಿಕೊಳ್ಳುತ್ತದೆ. ನಿಜವಾಗಿ ಅಳಿಸುವುದು ಆಮೇಲೆ, ತನಗೆ ಅನುಕೂಲವಾದಾಗ. ಸಾಲದ್ದಕ್ಕೆ ವಿಂಡೋಸ್‌ನ ಕಣ್ಣಿಗೇ ಬೀಳದ ಮೀಸಲು ಜಾಗವೂ ಒಳಗಿರುತ್ತದೆ. ಹಾಗಾಗಿ ಎಷ್ಟು ಸಲ ಒರೆಸಿದರೂ ಎಲ್ಲವೂ ಹೋಯಿತೆಂದು ಆಣೆ ಮಾಡಿ ಹೇಳಲಾಗದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಪರೀಕ್ಷಿಸಿದಾಗ, ಒಂದೊಂದೇ ಕಡತವನ್ನು ಒರೆಸುವ ಯಾವ ತಂತ್ರಾಂಶವೂ ಕೆಲಸಕ್ಕೆ ಬರಲಿಲ್ಲ.

ಎಸ್‌ಎಸ್‌ಡಿ ಸಾಯುವ ಮಾತೂ ಅತಿಯಾಯಿತು. 500 ಜಿಬಿಯ ಹಲವು ಡ್ರೈವ್‌ಗಳಿಗೆ 300 ಟಿಬಿ ಬರೆಯುವವರೆಗೆ ಖಾತರಿ ಇರುತ್ತದೆ. 35 ಸಲ ಒರೆಸಿದರೂ ಖರ್ಚಾಗುವುದು 17.5 ಟಿಬಿ. ಆಯುಷ್ಯ ಸ್ವಲ್ಪ ತಗ್ಗುತ್ತದೆ, ಪ್ರಯೋಜನ ಮಾತ್ರ ಇಲ್ಲ.

ಅಳಿಸುವ ಕೆಲಸವನ್ನು ಡ್ರೈವ್‌ಗೇ ಒಪ್ಪಿಸಿ. ಬಯಾಸ್‌ನಲ್ಲಿ ಸೆಕ್ಯೂರ್ ಇರೇಸ್ ಅಥವಾ ಡೇಟಾ ವೈಪ್ ಎಂಬ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಡ್ರೈವ್ ತಯಾರಿಸಿದ ಕಂಪನಿಯ ತಂತ್ರಾಂಶದಲ್ಲಿ ಹುಡುಕಿ. ಈ ಆದೇಶ ಮೀಸಲು ಜಾಗಕ್ಕೂ ತಲುಪುತ್ತದೆ, ಬಹುಪಾಲು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆ 2011ರ ಪರೀಕ್ಷೆಯಲ್ಲಿ ಕೆಲವು ಡ್ರೈವ್‌ಗಳು ಈ ಆದೇಶವನ್ನೇ ಸರಿಯಾಗಿ ಪಾಲಿಸಿರಲಿಲ್ಲ. ಆದ್ದರಿಂದ ಸಾಧ್ಯವಿದ್ದರೆ ಮೊದಲು ಬಿಟ್‌ಲಾಕರ್‌ನಿಂದ ಇಡೀ ಡ್ರೈವ್ ಗೂಢಲಿಪೀಕರಿಸಿ, ನಂತರ ಅಳಿಸಿ. ಅಕಸ್ಮಾತ್ ಏನಾದರೂ ಉಳಿದರೂ ಅದರಲ್ಲಿ ಬಹುಪಾಲನ್ನು ಕೀಲಿಯಿಲ್ಲದೆ ಯಾರೂ ಓದಲಾರರು. ಲ್ಯಾಪ್‌ಟಾಪ್ ನಿಮ್ಮ ಬಳಿಯೇ ಉಳಿಯುವುದಾಗಿದ್ದರೆ ಇದ್ಯಾವುದೂ ಬೇಕಿರಲಿಲ್ಲ, ವಿಂಡೋಸ್ ಹಾಕುವಾಗ ಹಳೆಯ ಪಾರ್ಟಿಷನ್‌ಗಳನ್ನು ತೆಗೆದುಹಾಕಿದ್ದರೆ ಸಾಕಿತ್ತು.

ನನಗೆ ಹೆಚ್ಚು ಭಯವಿರುವುದು ಅಳಿಸುವುದರ ಬಗ್ಗೆ ಅಲ್ಲ, ಅಳಿಸಿದ ಮೇಲಿನ ಪರದಾಟದ ಬಗ್ಗೆ. ‘ಡಿ ಡ್ರೈವ್‌ನಲ್ಲಿ ಇಟ್ಟಿದ್ದೇನೆ, ಏನೂ ಆಗಲ್ಲ’ ಎನ್ನುವವರು ಬಹಳ. ಒಂದೇ ಎಸ್‌ಎಸ್‌ಡಿ ಇದ್ದರೆ ಸಿ, ಡಿ ಎರಡೂ ಅದರ ಭಾಗಗಳೇ, ಒಟ್ಟಿಗೇ ಹೋಗುತ್ತವೆ. ಬೇಕಾದದ್ದನ್ನೆಲ್ಲ ಹೊರಗಿನ ಡಿಸ್ಕ್‌ಗೆ ಹಾಕಿಕೊಳ್ಳಿ. ಮತ್ತೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಕಡತ ತೆರೆದು ನೋಡಿ, ಡಿಸ್ಕ್ ಕಳಚಿಟ್ಟು ಆಮೇಲೆ ಅಳಿಸಿ. ನಿಮ್ಮದು ಡಿಟಿಪಿ ಅಂಗಡಿ ಅಂದಿರಲ್ಲ, ನುಡಿ, ಬರಹದ ಹಳೆಯ ಫಾಂಟ್‌ಗಳನ್ನೂ ಮರೆಯದೆ ಎತ್ತಿಟ್ಟುಕೊಳ್ಳಿ. ಅವಿಲ್ಲದೆ ವರ್ಷಗಟ್ಟಲೆಯ ಲಗ್ನಪತ್ರಿಕೆಗಳು ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ!

ವಿಂಡೋಸ್ ಲೈಸೆನ್ಸ್ ಹೋಗುತ್ತದೆಂಬ ಅಂಜಿಕೆ ಬೇಡ. ಲ್ಯಾಪ್‌ಟಾಪ್ ಜೊತೆಗೇ ಬಂದದ್ದಾದರೆ ಅದು ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಇಂಟರ್ನೆಟ್ ಸಿಕ್ಕೊಡನೆ ಮತ್ತೆ ಸಕ್ರಿಯವಾಗುತ್ತದೆ. ಇದನ್ನೆಲ್ಲ ರಿಪೇರಿಯವರಿಂದ ಮಾಡಿಸುವುದಾದರೆ ‘ಬಿಟ್ಟು ಹೋಗಿ, ಫಾರ್ಮ್ಯಾಟ್ ಮಾಡಿಡುತ್ತೇನೆ’ ಎಂಬ ಮಾತಿಗೆ ಒಪ್ಪಬೇಡಿ. ಎದುರಿಗೆ ಕೂತು ಮಾಡಿಸಿಕೊಳ್ಳಿ.