ಬೇರೆಯವರ ಪಿಕ್ಯೂಆರ್ ನಮಗೆ ನಡೆಯುತ್ತಾ?

ರಜೆಯಲ್ಲಿ ಎರಡು ವಾರ ಪೀಣ್ಯದ ಒಂದು ಸಣ್ಣ ಫ್ಯಾಬ್ರಿಕೇಶನ್ ಶಾಪ್‌ಗೆ ಹೋಗ್ತಿದ್ದೆ. ಅಲ್ಲಿಗೆ ದೊಡ್ಡ ಕಂಪನಿಯೊಂದರಿಂದ ಏರ್ ರಿಸೀವರ್ ಟ್ಯಾಂಕಿನ ಆರ್ಡರ್ ಬಂತು, ಜೊತೆಗೆ ಅವರದೇ ವೆಲ್ಡಿಂಗ್ ಪ್ರೊಸೀಜರಿನ, ಅಂದರೆ ಡಬ್ಲ್ಯೂಪಿಎಸ್‌ನ, ಪಿಡಿಎಫ್. ಯಜಮಾನರು ಹೆಸರು ಬದಲಾಯಿಸಿ ತಮ್ಮ ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆಸಿದರು. ಇನ್‌ಸ್ಪೆಕ್ಟರ್ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಇದರ ಟೆಸ್ಟ್ ಕೂಪನ್ ವೆಲ್ಡ್ ಮಾಡಿದ್ದು ಯಾರು ಸಾರ್?" ಅಷ್ಟರಲ್ಲಿ ಎರಡು ಸೀಮ್ ಮುಗಿದುಹೋಗಿತ್ತು. ಕೆಲಸ ನಿಂತಿತು.

ಆ ಪ್ರಶ್ನೆ ನನಗೆ ಅರ್ಥವಾಗಲು ಎರಡು ದಿನ ಬೇಕಾಯ್ತು. ಡಬ್ಲ್ಯೂಪಿಎಸ್ ಅಡುಗೆಯ ರೆಸಿಪಿ ಇದ್ದ ಹಾಗೆ. ಪಿಕ್ಯೂಆರ್ ಅಂದರೆ ಆ ರೆಸಿಪಿಯಂತೆ ಒಮ್ಮೆ ನಾವೇ ಮಾಡಿ, ರುಚಿ ನೋಡಿ, ಬರೆದಿಟ್ಟ ದಾಖಲೆ. ಎಎಸ್ಎಂಇ ಸೆಕ್ಷನ್ 9ರ ಪ್ರಕಾರ 12 ಮಿ.ಮೀ. ಪ್ಲೇಟ್ ವೆಲ್ಡ್ ಮಾಡಿ ಎರಡು ಟೆನ್ಸೈಲ್, ನಾಲ್ಕು ಬೆಂಡ್ ಟೆಸ್ಟ್ ಪಾಸಾದರೆ, 5ರಿಂದ 24 ಮಿ.ಮೀ. ದಪ್ಪದವರೆಗೆ ಆ ಪ್ರೊಸೀಜರ್ ನಡೆಯುತ್ತದೆ. ಪ್ರೀಹೀಟ್ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಇಳಿಸಿದರೆ ಮತ್ತೆ ಟೆಸ್ಟ್.

ಆದರೆ ಆ ಕೂಪನ್ ವೆಲ್ಡಿಂಗ್ ನಮ್ಮ ಸಂಸ್ಥೆಯ ಮೇಲ್ವಿಚಾರಣೆ ಮತ್ತು ಹಿಡಿತದಲ್ಲೇ ಆಗಬೇಕು. ಪ್ಲೇಟ್ ಕತ್ತರಿಸಿ ಬೆವೆಲ್ ಹೊಡೆಸುವುದು, ಸ್ಪೆಸಿಮನ್ ಮೆಷಿನಿಂಗ್, ಲ್ಯಾಬ್ ಟೆಸ್ಟ್ ಇವನ್ನೆಲ್ಲ ಹೊರಗೆ ಮಾಡಿಸಬಹುದು. ವೆಲ್ಡಿಂಗ್ ಮಾತ್ರ ಕೂಡದು. 2013ರ ಆವೃತ್ತಿಯಿಂದ ಈ ನಿಯಮ ಕ್ಯೂಜಿ-106ರಲ್ಲಿದೆ.

ಹಾಗಾದರೆ ಒಂದೇ ಕಂಪನಿಯ ಎರಡು ಬ್ರಾಂಚ್? ಬೋರ್ಡಿನ ಮೇಲೆ ಯಾವ ಹೆಸರಿದೆ ಅನ್ನೋದು ಮುಖ್ಯ ಅಲ್ಲ. ಬೇರೆ ಬೇರೆ ಹೆಸರಿನ ಕಂಪನಿಗಳಾದರೂ ಪ್ರೊಸೀಜರ್ ಕ್ವಾಲಿಫಿಕೇಶನ್ನಿನ ನಿಜವಾದ ಹಿಡಿತ ಒಬ್ಬರ ಕೈಯಲ್ಲಿದ್ದು, ಅದು ಕ್ವಾಲಿಟಿ ಮ್ಯಾನ್ಯುಯಲ್‌ನಲ್ಲಿ ಬರೆದಿದ್ದರೆ ಹಂಚಿಕೊಳ್ಳಬಹುದು. ಐಎಸ್ಒ 15614-1 ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತೆ: ಒಂದೇ ತಾಂತ್ರಿಕ ಮತ್ತು ಗುಣಮಟ್ಟದ ನಿಯಂತ್ರಣದ ಕೆಳಗಿರುವ ಶಾಪ್ ಮತ್ತು ಸೈಟ್‌ಗಳಿಗೆ ಒಂದೇ ಕ್ವಾಲಿಫಿಕೇಶನ್ ಸಾಕು. ಕಂಪನಿ ಮಾರಾಟವಾದರೆ ಹೊಸ ಮಾಲೀಕರು ಜವಾಬ್ದಾರಿ ಹೊತ್ತು, ದಾಖಲೆಯ ಮೂಲ ಬರೆದಿಟ್ಟು ಹಳೆಯದನ್ನೇ ಬಳಸಬಹುದು.

ಸಬ್‌ಕಾಂಟ್ರಾಕ್ಟರ್ ವಿಷಯದಲ್ಲೇ ಹೆಚ್ಚು ಜನ ಎಡವೋದು. ವೆಲ್ಡರ್‌ಗಳನ್ನು ಗುತ್ತಿಗೆಗೆ ಕರೆಸಿ, ಮುಖ್ಯ ಕಂಪನಿಯೇ ಅವರಿಗೆ ಟೆಸ್ಟ್ ಕೊಟ್ಟು, ತನ್ನ ಡಬ್ಲ್ಯೂಪಿಎಸ್ ಪ್ರಕಾರ ತನ್ನ ಜವಾಬ್ದಾರಿಯಲ್ಲಿ ಕೆಲಸ ಮಾಡಿಸಿದರೆ ಸರಿ. ಪ್ರೆಷರ್ ವೆಸೆಲ್ ಕೋಡ್ ಇದಕ್ಕೆ ಅವಕಾಶ ಕೊಡುತ್ತೆ. ಆದರೆ ಸಬ್‌ಕಾಂಟ್ರಾಕ್ಟರ್ ತನ್ನ ಶಾಪ್‌ನಲ್ಲಿ, ತನ್ನ ಮೇಸ್ತ್ರಿಯ ಕೈಕೆಳಗೆ, ತನ್ನ ಜವಾಬ್ದಾರಿಯಲ್ಲಿ ಮಾಡಿದರೆ ಅವನದೇ ಪಿಕ್ಯೂಆರ್ ಬೇಕು. ಪಿಡಿಎಫ್ ಫಾರ್ವರ್ಡ್ ಮಾಡಿದರೆ ಹಿಡಿತ ಫಾರ್ವರ್ಡ್ ಆಗಲ್ಲ! ಅಮೆರಿಕದ ವೆಲ್ಡಿಂಗ್ ಸೊಸೈಟಿ ಸ್ಟ್ಯಾಂಡರ್ಡ್ ಡಬ್ಲ್ಯೂಪಿಎಸ್‌ಗಳನ್ನು ಮಾರುತ್ತೆ, ಸೆಕ್ಷನ್ 9 ಪಟ್ಟಿ ಮಾಡಿದವನ್ನು ಬಳಸಬಹುದು. ಆದರೆ ಅಲ್ಲೂ ಮೊದಲು ಒಂದು ಕೂಪನ್ ನಾವೇ ವೆಲ್ಡ್ ಮಾಡಿ ತೋರಿಸಬೇಕು.

ಮೊದಮೊದಲು ನನಗೂ ಇದು ಬರೀ ಕಾಗದದ ಕಾಟ ಅನ್ನಿಸಿತ್ತು. ಸಣ್ಣ ಶಾಪಿಗೆ ಲ್ಯಾಬ್ ಖರ್ಚು ಹೊರೆ, ಅದು ನಿಜ. ಯಜಮಾನರೂ ಗೊಣಗುತ್ತಲೇ ಅದೇ ಪಿಡಿಎಫ್‌ನ ಆಂಪಿಯರ್, ಅದೇ ಇ7018 ರಾಡ್ ಇಟ್ಟುಕೊಂಡು ತಮ್ಮ ಕೂಪನ್ ಮಾಡಿಸಿದರು. ರೂಟ್ ಬೆಂಡ್ ಫೇಲ್! ಬಿರುಕು 3 ಮಿ.ಮೀ. ಮಿತಿ ದಾಟಿ ತೆರೆದುಕೊಂಡಿತ್ತು. ಕಾರಣ ಬ್ಯಾಕ್ ಗೌಜಿಂಗ್. ಪಿಡಿಎಫ್‌ನಲ್ಲಿ "ಗ್ರೈಂಡಿಂಗ್" ಅಂತ ಒಂದೇ ಪದ ಇತ್ತು. ದೊಡ್ಡ ಕಂಪನಿಯಲ್ಲಿ ಗ್ರೈಂಡ್ ಮಾಡಿದ ಮೇಲೆ ಡೈ ಪೆನೆಟ್ರೆಂಟ್ ಹಾಕಿ ನೋಡುತ್ತಾರಂತೆ. ಇಲ್ಲಿ ಮೇಸ್ತ್ರಿ ಕಣ್ಣಂದಾಜಿನಲ್ಲಿ ಮೇಲೆಮೇಲೆ ಉಜ್ಜಿ ಬಿಟ್ಟಿದ್ದರು. ಗೌಜಿಂಗ್ ವಿಧಾನ ಬದಲಾದರೆ ಮತ್ತೆ ಟೆಸ್ಟ್ ಬೇಕು ಅಂತ ಕೋಡ್ ಹೇಳಲ್ಲ, ಅದು ನಾನ್-ಎಸೆನ್ಷಿಯಲ್ ವೇರಿಯಬಲ್. ನಮ್ಮ ಕೂಪನ್ ಮುರಿದದ್ದು ಅಲ್ಲೇ.

ಆಳವಾಗಿ ಗೌಜ್ ಮಾಡಿದ ಎರಡನೇ ಕೂಪನ್ ಪಾಸಾಯ್ತು. ಮೊದಲು ಹಾಕಿದ್ದ ಆ ಎರಡು ಸೀಮನ್ನು ಗ್ರೈಂಡರ್ ಹಿಡಿದು ತೆಗೆಯುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಒಂದರ ರೂಟ್‌ನಲ್ಲಿ, ಗೇಣುದ್ದಕ್ಕೂ, ಅದೇ ಕಪ್ಪು ಗೆರೆ ಇತ್ತು.